ಎಡಗಡೆಯ ದನಿ

ಅಂಗಡಿಯ ಬಾಗಿಲಲ್ಲಿ ನಿಂತು ಅವಳು ಕರೆದಳು. ಅವನು ತಿರುಗಲಿಲ್ಲ.

"ಸ್ವಲ್ಪ ಈ ಕಡೆ ನೋಡ್ತೀರಾ?"

ಒಳಗೆ ಯಾವುದೋ ಫ್ಯಾನು ಗುಂಯ್‌ಗುಡುತ್ತಿತ್ತು. ಬಿಚ್ಚಿಟ್ಟ ಕಂಪ್ಯೂಟರಿನ ಮುಂದೆ ಕೂತಿದ್ದ ಅವನು ಸಣ್ಣ ಸ್ಕ್ರೂ ಒಂದನ್ನು ಬೆರಳ ತುದಿಯಲ್ಲಿ ಹಿಡಿದು, ಅದು ಕೂರಬೇಕಾದ ತೂತನ್ನೇ ದಿಟ್ಟಿಸುತ್ತಿದ್ದ.

'ಇಷ್ಟು ಕೊಬ್ಬಾ ಈ ಮನುಷ್ಯನಿಗೆ...'

ಒಳಗೆ ಹೋಗಿ ಮೇಜನ್ನು ತಟ್ಟಿದಳು. ಅವನು ಬೆಚ್ಚಿಬಿದ್ದ. ಮೊಣಕೈ ತಾಗಿ ಸ್ಕ್ರೂಗಳ ತಟ್ಟೆ ಕೆಳಗುರುಳಿತು. ಇಬ್ಬರೂ ನೆಲದ ಮೇಲೆ ಕೂತು ಸ್ಕ್ರೂ ಆರಿಸತೊಡಗಿದರು.

"ನೀವು ಬಂದಿದ್ದು ಗೊತ್ತಾಗ್ಲಿಲ್ಲ" ಎಂದ.

"ಆಗಿಂದ ಕೂಗ್ತಾ ಇದ್ದೀನಿ."

ಅವನು ಕೊನೆಯ ಸ್ಕ್ರೂ ತಟ್ಟೆಗೆ ಹಾಕಿದ. ಅವಳು ಮಾತಾಡುವಾಗ ಕಣ್ಣು ನೋಡದೆ ತುಟಿಯನ್ನೇ ನೋಡುತ್ತಿದ್ದ. ಅದೂ ಅವಳಿಗೆ ಹಿಡಿಸಲಿಲ್ಲ.

ಮೇಲಿನ ಮಹಡಿಯ ಕನ್ನಡಕದ ಅಂಗಡಿಯವನು ಮೊದಲೇ ಎಚ್ಚರಿಸಿದ್ದ. "ನೆಲಮಾಳಿಗೇಲಿ ಮೌನಿ ಅಂತ ಒಬ್ಬ ಇದ್ದಾನೆ. ಕೆಲಸ ಅಪ್ಪಟ ಚಿನ್ನ. ಮಾತು ಮಾತ್ರ ನಿರೀಕ್ಷೆ ಮಾಡ್ಬೇಡಿ." ಆ ಕಟ್ಟಡದಲ್ಲಿ ಯಾರಿಗೂ ಅವನ ಬೇರೆ ಹೆಸರು ಗೊತ್ತಿದ್ದಂತಿರಲಿಲ್ಲ.

ಅವಳು ಸಾಕ್ಷ್ಯಚಿತ್ರಗಳ ಸಂಕಲನ ಮಾಡುವವಳು. ಬೇರೆಯವರು ತೆಗೆದ ದೃಶ್ಯಗಳನ್ನು ಕತ್ತರಿಸಿ ಜೋಡಿಸುವುದು ಅವಳ ಕೆಲಸ. ಅದಕ್ಕೆ ಬಳಸುವ ತಂತ್ರಾಂಶ ಮ್ಯಾಕ್‌ನಲ್ಲಿ ಮಾತ್ರ ಓಡುತ್ತಿತ್ತು. ಅವಳ ಹಳೆಯ ಮ್ಯಾಕ್ ಒಂದು ಬೆಳಿಗ್ಗೆ ಕಣ್ಣು ಬಿಡಲೇ ಇಲ್ಲ. ಹೊಸದನ್ನು ಕೊಂಡರೆ ಅದನ್ನು ಬಿಚ್ಚುವಂತಿಲ್ಲ. ಕಪಾಟಿನ ತುಂಬ ಇದ್ದ ತನ್ನ ಡಿಸ್ಕುಗಳನ್ನು ಒಳಗೆ ಕೂರಿಸುವಂತಿಲ್ಲ.

"ಬಿಡಿಭಾಗ ತಂದು ಜೋಡಿಸಿದ ಡೆಸ್ಕ್‌ಟಾಪ್ ಬೇಕು. ಅದರಲ್ಲಿ ಮ್ಯಾಕ್ ಓಡ್ಬೇಕು. ಆಗುತ್ತಾ?"

"ಆಗುತ್ತೆ. ಆದ್ರೆ ಮ್ಯಾಕ್ ಮಾಡಿದೋರು ಇದನ್ನ ಒಪ್ಪಲ್ಲ. ಏನಾದ್ರೂ ಕೆಟ್ರೆ ಅವರನ್ನ ಕೇಳೋ ಹಾಗಿಲ್ಲ, ನನ್ನನ್ನೇ ಕೇಳ್ಬೇಕು."

"ನೀವು ಉತ್ತರ ಕೊಡ್ತೀರಾ?"

ಅವನು ಮೊದಲ ಬಾರಿಗೆ ನಕ್ಕ. ನಕ್ಕಾಗ ಅವನ ಮುಖ ಬೇರೆ ಯಾರದ್ದೋ ಆಯಿತು... ಅವಳು ಬೇಗ ಕಣ್ಣು ತೆಗೆದಳು.

ಕೆಲಸ ಶುರುವಾಯಿತು. ಅವಳು ನೋಡಲು ಬರತೊಡಗಿದಳು. ಮೊದಮೊದಲು ಅನುಮಾನಕ್ಕೆ, ಆಮೇಲೆ ಕುತೂಹಲಕ್ಕೆ. ಆಮೇಲಾಮೇಲೆ ಕಾರಣವನ್ನು ತನಗೇ ಹೇಳಿಕೊಳ್ಳುವುದನ್ನು ಬಿಟ್ಟಳು.

ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಪ್ರತಿಯೊಂದನ್ನೂ ಅವನು ಹುಡುಗಿ ನೋಡಲು ಬಂದವರ ಹಾಗೆ ನಾಲ್ಕು ಕಡೆ ವಿಚಾರಿಸಿ ಆರಿಸಿದ್ದ.

"ಯಾಕಿಷ್ಟು ಆರಿಸ್ತೀರಿ?"

"ಮ್ಯಾಕ್ ಅಂದ್ರೆ ಬೀಗರಿದ್ದ ಹಾಗೆ. ಪರಿಚಯದ ಮುಖ ಕಂಡ್ರೆ ಮಾತ್ರ ಒಳಗೆ ಬರುತ್ತೆ. ಇಲ್ಲಾಂದ್ರೆ ಹೊಸ್ತಿಲಲ್ಲೇ ನಿಂತು ತಪ್ಪು ಹುಡುಕುತ್ತೆ. ಮಧ್ಯದಲ್ಲಿ ಒಂದು ಸಣ್ಣ ಪ್ರೋಗ್ರಾಂ ಇಟ್ಟು, 'ಇವರು ನಿಮ್ಮ ಕಡೆಯೋರೇ' ಅಂತ ಪರಿಚಯ ಮಾಡಿಸ್ಬೇಕು."

"ಸುಳ್ಳು ಹೇಳಿಸ್ತೀರಿ ಅನ್ನಿ."

"ಮದುವೆ ಮಾತಲ್ಲಿ ಅಷ್ಟು ನಡೆಯುತ್ತೆ."

ಬೀಗರು ಹೊಸ್ತಿಲಲ್ಲೇ ನಿಂತರು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಸಾಲು ಸರಸರನೆ ಓಡಿ, ಒಂದೇ ಜಾಗದಲ್ಲಿ ಬಂದು ನಿಲ್ಲುತ್ತಿತ್ತು. ಅವನು ಎಲ್ಲೋ ಒಂದು ಸಾಲು ತಿದ್ದುತ್ತಿದ್ದ, ಮತ್ತೆ ಶುರು ಮಾಡುತ್ತಿದ್ದ. ಮತ್ತೆ ಅಲ್ಲೇ. ಕೊನೆಗೊಂದು ಮಧ್ಯಾಹ್ನ ಪರದೆಯ ತುಂಬ ಬಣ್ಣ ಹರಡಿಕೊಂಡಾಗ ಇಬ್ಬರೂ ಅದನ್ನೇ ನೋಡಿದರು.

ಆಮೇಲೆ ನಿದ್ದೆಯ ಸಮಸ್ಯೆ. ಮಲಗಿದ ಕಂಪ್ಯೂಟರ್ ಏಳುತ್ತಿರಲಿಲ್ಲ.

"ಕುಂಭಕರ್ಣ" ಎಂದಳು ಅವಳು.

"ಕುಂಭಕರ್ಣನಾದ್ರೂ ಏಳ್ತಿದ್ದ" ಎಂದ ಅವನು.

ಒಂದು ವಿಷಯ ಮಾತ್ರ ಅವಳಿಗೆ ವಿಚಿತ್ರವೆನಿಸುತ್ತಿತ್ತು. ಅವಳು ಅವನ ಎಡಗಡೆ ಕೂತರೆ, ಅವನು ಏನೋ ತರಲು ಹೋದವನಂತೆ ಎದ್ದು, ತನ್ನ ಸ್ಟೂಲನ್ನು ಅವಳ ಆಚೆ ಪಕ್ಕಕ್ಕೆ ಹಾಕಿಕೊಳ್ಳುತ್ತಿದ್ದ. ಅವಳು ಯಾವಾಗಲೂ ಅವನ ಬಲಕ್ಕೇ ಇರಬೇಕಿತ್ತು. ಶಿಸ್ತಿನ ಮನುಷ್ಯ, ಅಂದುಕೊಂಡಳು.

ಕೆಲಸ ಮುಗಿಯುತ್ತ ಬಂದ ದಿನ ಅವನು ಕ್ಯಾಬಿನೆಟ್ಟಿನೊಳಗೆ ತಲೆ ಹಾಕಿ ಕೇಬಲ್ ಕಟ್ಟುತ್ತಿದ್ದ. ಫ್ಯಾನುಗಳು ಗುಂಯ್‌ಗುಡುತ್ತಿದ್ದವು. ಅವಳು ಟಾರ್ಚ್ ಹಿಡಿದು ಅವನ ಎಡಕ್ಕೆ, ತೀರ ಹತ್ತಿರ ನೆಲದ ಮೇಲೆ ಕೂತಿದ್ದಳು. ಮುಖ ಕಾಣದಿದ್ದದ್ದೇ ಧೈರ್ಯವಾಯಿತು.

"ಕೆಲಸ ಮುಗಿದ್ಮೇಲೂ ಇಲ್ಲಿಗೆ ಬರ್ಬೇಕು ಅನ್ಸುತ್ತೆ" ಎಂದಳು. "ಕಂಪ್ಯೂಟರಿಗಲ್ಲ... ನಿಮ್ಮನ್ನ ನೋಡೋಕೆ."

ಅವನ ಕೈ ಕೇಬಲ್ ಬಿಗಿಯುತ್ತಲೇ ಇತ್ತು. ಅವಳು ಕಾದಳು.

"ಟಾರ್ಚ್ ಸ್ವಲ್ಪ ಕೆಳಗೆ ಹಿಡೀರಿ" ಎಂದ ಅವನು.

ಆ ಸಂಜೆ ಮನೆಯಲ್ಲಿ ಅವಳ ಅಕ್ಕ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ತಂಗಿಯ ಮುಖ ನೋಡಿಯೇ ಅರ್ಥವಾಯಿತು.

"ಹೇಳಿಬಿಟ್ಯಾ?"

"ಹ್ಞೂಂ."

"ಏನಂದ?"

"ಟಾರ್ಚ್ ಕೆಳಗೆ ಹಿಡೀರಿ ಅಂದ."

ಅಕ್ಕ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ತಂಗಿಯ ಕಣ್ಣು ತುಂಬಿದ್ದನ್ನು ಕಂಡು ಸೆರಗು ಇಳಿಸಿದಳು. "ಕೆಲವರಿಗೆ ಬೇಡ ಅನ್ನೋಕೆ ಬಾಯಿ ಬರಲ್ಲ ಪುಟ್ಟಿ. ಹೀಗೆ ಮಾತು ಮರೆಸ್ತಾರೆ. ಬಿಡು."

ಅವಳು ಬಿಟ್ಟಳು. ಅಥವಾ ಬಿಟ್ಟೆ ಅಂದುಕೊಂಡಳು. ಅವನು ಯಂತ್ರವನ್ನು ತಾನೇ ಹೊತ್ತು ತಂದು ಅವಳ ಕೆಲಸದ ಕೋಣೆಯಲ್ಲಿ ಕೂರಿಸಿದಾಗ, ಅಪರಿಚಿತರೊಡನೆ ಮಾತಾಡುವಂತೆ ಮಾತಾಡಿದಳು.

"ಸೌಂಡ್ ಪರೀಕ್ಷೆ ಮಾಡಿದ್ರಾ?"

"ಮಾಡಿದ್ದೀನಿ. ಸರಿ ಇದೆ."

ಇನ್ನೇನೋ ಹೇಳುವವನಂತೆ ಅವನು ಬಾಗಿಲಲ್ಲಿ ನಿಂತ. ಅವಳು ಪರದೆಯ ಕಡೆ ತಿರುಗಿ ಕೂತಿದ್ದಳು. ಅವನು ಮೆಟ್ಟಿಲಿಳಿದು ಹೋದ.

ಮರುದಿನ ನಿರ್ದೇಶಕಿ ಬಂದರು. ತಮ್ಮ ತಾಯಿಯ ಬಗ್ಗೆ ಚಿತ್ರ ಮಾಡುತ್ತಿದ್ದ ಹಿರಿಯ ಹೆಂಗಸು. ತಾಯಿ ಜೀವನವಿಡೀ ಟೆಲಿಫೋನ್ ಕಚೇರಿಯಲ್ಲಿ ಕೂತು, ಊರವರ ಕರೆಗಳನ್ನು ಒಬ್ಬರಿಂದೊಬ್ಬರಿಗೆ ಜೋಡಿಸಿದವರು. ಸಂದರ್ಶನ ಮುಗಿದ ಮರುವಾರವೇ ತೀರಿಕೊಂಡಿದ್ದರು. ಚಿತ್ರೀಕರಣದಲ್ಲಿ ಎರಡು ಮೈಕು ಬಳಸಿದ್ದರು. ಮಗಳ ಪ್ರಶ್ನೆ ಬಲಗಡೆ, ತಾಯಿಯ ಉತ್ತರ ಎಡಗಡೆ.

ನಿರ್ದೇಶಕಿ ಹೆಡ್‌ಫೋನ್ ಹಾಕಿಕೊಂಡರು. ಪರದೆಯ ಮೇಲೆ ತಾಯಿಯ ಮುಖ ಮೂಡಿತು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. "ನನ್ನ ದನಿ ಮಾತ್ರ ಬರ್ತಿದೆ... ಅಮ್ಮಂದು ಎಲ್ಲಿ?"

ಅವಳು ಇಸಿದುಕೊಂಡು ಕೇಳಿದಳು. ಪ್ರಶ್ನೆ ಕೇಳಿಸಿತು. ಆಮೇಲೆ ಆ ಮುದುಕಿಯ ತುಟಿಗಳು ಅಲುಗಿದವು, ನಕ್ಕವು, ಏನೋ ಹೇಳಿ ಮುಚ್ಚಿಕೊಂಡವು. ಒಂದು ಅಕ್ಷರವೂ ಕೇಳಿಸಲಿಲ್ಲ. ಬೇರೆ ಹೆಡ್‌ಫೋನ್ ಹಾಕಿದರೂ ಅಷ್ಟೇ. ಹಳೆಯ ಯಂತ್ರ ಸಾಯುವಾಗ ದನಿಯನ್ನೂ ಕೊಂಡೊಯ್ಯಿತೇ?

ನಿರ್ದೇಶಕಿ ಬೈಯಲಿಲ್ಲ. "ಇನ್ನೊಂದು ಸಲ ಹೇಳಮ್ಮ ಅನ್ನೋ ಹಾಗಿಲ್ಲವಲ್ಲ" ಎಂದಷ್ಟೇ ಹೇಳಿ ಎದ್ದು ಹೋದರು. ಅವಳು ಹಿಂದೆಯೇ ಓಡಿದಳು. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಒಬ್ಬಳನ್ನೇ ಬಿಡು ಎಂಬಂತೆ ಕೈ ಆಡಿಸಿದರು.

ಕೋಣೆಗೆ ಮರಳಿ ಬಂದು ನಿಧಾನವಾಗಿ ನೋಡಿದಾಗ ಪರದೆಯಲ್ಲಿ ಎಡಗಡೆಯ ದನಿಯ ಗೆರೆ ಏರಿಳಿಯುತ್ತಿತ್ತು. ಅದನ್ನು ಬಲಕ್ಕೆ ತಿರುಗಿಸಿ ಕೇಳಿದಳು. ತಾಯಿ ಮಾತಾಡಿದರು. ದನಿ ಎಲ್ಲೂ ಹೋಗಿರಲಿಲ್ಲ. ಯಂತ್ರ ಎಡಗಿವಿಗೆ ಏನನ್ನೂ ಕೊಡುತ್ತಿರಲಿಲ್ಲ, ಅಷ್ಟೇ. ಅಷ್ಟರಲ್ಲಿ ಮೆಟ್ಟಿಲು ಖಾಲಿಯಾಗಿತ್ತು. ಫೋನ್ ಮಾಡಿದಳು.

"ಕಿವಿಯಾರೆ ಕೇಳಿದ್ಮೇಲೆ ನಂಬ್ತೀನಿ" ಎಂದು ಇಟ್ಟುಬಿಟ್ಟರು ನಿರ್ದೇಶಕಿ.

ಸಮಾಧಾನದ ಬೆನ್ನಿಗೇ ಸಿಟ್ಟು ಬಂತು.

ಯಂತ್ರವನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ನೆಲಮಾಳಿಗೆಗೆ ಹೋದಳು. ಅವನು ಹೆಡ್‌ಫೋನ್ ಚುಚ್ಚಿ, ಅದರ ಒಂದು ಬದಿಯ ಬಟ್ಟಲನ್ನು ಕಿವಿಗೆ ಹಿಡಿದ.

"ಬರ್ತಿದೆಯಲ್ಲ."

"ಎಡಗಡೆ ಸತ್ತಿದೆ" ಎಂದಳು ಅವಳು. "ಒಬ್ಬ ಮಗಳು ತನ್ನ ಅಮ್ಮನ ದನಿ ಹೋಯ್ತು ಅಂತ ನಮ್ಮ ಮೆಟ್ಟಿಲ ಮೇಲೆ ಕೂತಿದ್ರು. ನೀವು ಸರಿ ಇದೆ ಅಂದಿದ್ರಿ. ನಿಮ್ಮ ಹತ್ರ ಏನು ಹೇಳಿದ್ರೂ ಇಷ್ಟೇ... ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ."

ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ಆ ಗಾದೆ ಪೂರ್ತಿ ಮುಗಿಯುವ ಮೊದಲೇ ಅವನ ಮುಖದ ಬಣ್ಣ ಇಳಿಯಿತು.

"ಇಟ್ಟು ಹೋಗಿ. ಸರಿ ಮಾಡಿ ಕೊಡ್ತೀನಿ" ಎಂದು ಬೆನ್ನು ತಿರುಗಿಸಿದ.

ಅವಳು ಬಾಗಿಲವರೆಗೆ ಹೋದವಳು ನಿಂತಳು. ದೃಶ್ಯಗಳನ್ನು ಹಿಂದಕ್ಕೆ ಓಡಿಸಿ ನೋಡುವುದು ಅವಳ ಕಸುಬು. ಹೆಡ್‌ಫೋನ್ ಹಿಡಿದದ್ದು ಯಾವ ಕಿವಿಗೆ? ಬಲಗಿವಿಗೆ. ಎಡಕ್ಕೆ ಒಮ್ಮೆಯೂ ಬದಲಿಸಲಿಲ್ಲ. ಸ್ಟೂಲು. ತುಟಿ ನೋಡುವ ಕಣ್ಣು. ಕೂಗಿದರೂ ತಿರುಗದ ತಲೆ...

ಹಿಂದಕ್ಕೆ ಬಂದು ಅವನ ಎಡಗಡೆ ನಿಂತಳು.

"ತಪ್ಪಾಯ್ತು" ಎಂದಳು ಮೆಲ್ಲಗೆ.

ಅವನು ಸ್ಕ್ರೂ ಬಿಚ್ಚುತ್ತಲೇ ಇದ್ದ.

ಬಲಗಡೆಗೆ ಬಂದು ಅಷ್ಟೇ ಮೆಲ್ಲಗೆ ಹೇಳಿದಳು. "ತಪ್ಪಾಯ್ತು."

ಅವನು ತಿರುಗಿ ನೋಡಿದ. ಅವಳಿಗೆ ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಯಿತು. ಸ್ಕ್ರೂಡ್ರೈವರ್ ಕೆಳಗಿಟ್ಟ.

"ಯಾವಾಗಿಂದ?" ಎಂದು ಕೇಳಿದಳು.

"ಚಿಕ್ಕವನಿದ್ದಾಗ ಜ್ವರ ಬಂದಿತ್ತು. ಜ್ವರ ಹೋಯ್ತು, ಹೋಗ್ತಾ ಎಡಗಿವಿನೂ ತಗೊಂಡು ಹೋಯ್ತು."

"ಯಾರಿಗೂ ಹೇಳಿಲ್ವಾ?"

"ಶಾಲೇಲಿ ಕೆಪ್ಪ ಅಂತ ಕರೀತಿದ್ರು. ಇಲ್ಲಿ ಕೊಬ್ಬು ಅಂತಾರೆ. ಕೆಪ್ಪ ಅನ್ನಿಸ್ಕೊಳ್ಳೋದಕ್ಕಿಂತ ಕೊಬ್ಬು ಅನ್ನಿಸ್ಕೊಳ್ಳೋದು ವಾಸಿ."

"ಮತ್ತೆ ಬೇರೆಯವರ ಕಂಪ್ಯೂಟರ್ ಸೌಂಡ್ ಹೇಗೆ ನೋಡ್ತೀರಿ?"

"ಏನಾದ್ರೂ ನೆಪ ಹೇಳಿ ಕನ್ನಡಕದ ಅಂಗಡಿಯವನನ್ನ ಕರೆದು ಕೇಳಿಸ್ತೀನಿ. ಈ ಸಲ ಕರೀಲಿಲ್ಲ." ಅವನು ತಡೆದ. "ನಿಮ್ಮದನ್ನ ಇನ್ನೊಬ್ರು ಮುಟ್ಟೋದು ಬೇಡ ಅನ್ಸಿತ್ತು. ಅದು ನಾನು ಮಾಡಿದ ತಪ್ಪು."

ಅವಳು ಸ್ಟೂಲ್ ಎಳೆದುಕೊಂಡು ಕೂತಳು. ಏನು ಹೇಳಬೇಕೋ ತೋಚದಿದ್ದಾಗ ಕೆಲಸದ ಮಾತಾಡುವುದು ಒಳ್ಳೆಯದು.

"ಈಗ ಏನು ಮಾಡ್ಬೇಕು?"

"ಈ ಸೌಂಡ್ ಚಿಪ್ಪನ್ನ ಮ್ಯಾಕ್‌ಗೆ ಪರಿಚಯ ಮಾಡಿಸೋಕೆ ಹಲವು ನಂಬರ್ ಇವೆ. ಒಂದೊಂದನ್ನೇ ಹಾಕಿ, ಮತ್ತೆ ಶುರು ಮಾಡಿ ಕೇಳ್ಬೇಕು. ನೀವು ಕೇಳಿ, ನಾನು ಹಾಕ್ತೀನಿ."

ಅವನು ನಂಬರ್ ಬದಲಿಸಿದ, ಅವಳು ಕೇಳಿದಳು. ಒಂದಕ್ಕೆ ಎರಡೂ ಕಡೆ ಮೌನ. ಇನ್ನೊಂದಕ್ಕೆ ಬರೀ ಗೊರಗೊರ. ಬಂದರೆ ಬಲಗಡೆ ಮಾತ್ರ, ಎಡಗಡೆ ಇಲ್ಲವೇ ಇಲ್ಲ. ಅವಳು ಬೇಸತ್ತು ಹೆಡ್‌ಫೋನನ್ನು ಮುಂದಿನಿಂದ ಕಿತ್ತು ಯಂತ್ರದ ಹಿಂಬದಿಯ ತೂತಿಗೆ ಚುಚ್ಚಿದಳು. ಎರಡೂ ಕಿವಿಯಲ್ಲಿ ದನಿ ತುಂಬಿತು.

"ಹಿಂದೆ ಸರಿ ಇದೆ" ಎಂದಳು.

ಅವನು ಹಣೆ ಚಚ್ಚಿಕೊಂಡ. ಮೊದಲು ನೋಡಬೇಕಾದದ್ದನ್ನು ನೋಡಿರಲಿಲ್ಲ. ಬದಿಯ ತಗಡು ತೆಗೆದು ಟಾರ್ಚ್ ಹಾಕಿದಾಗ ಕಂಡಿತು. ಮುಂಭಾಗದ ತೂತಿಗೆ ದನಿ ಒಯ್ಯುವ ಕೇಬಲ್ಲಿನ ಬುಡದಲ್ಲಿ, ಮದರ್‌ಬೋರ್ಡಿನ ಒಂದು ಪಿನ್ನು ಬಾಗಿ ಮಲಗಿತ್ತು. ಬೀಗರಲ್ಲಿ ಏನೂ ತಪ್ಪಿರಲಿಲ್ಲ.

"ಕೇಬಲ್ ಕಟ್ಟಿದ ದಿನ ಆಗಿರೋದು" ಎಂದ ಅವನು, ಚಿಮಟದಿಂದ ಪಿನ್ನನ್ನು ಕೂದಲೆಳೆಯಷ್ಟೇ ಎತ್ತುತ್ತ. "ನೀವು ಅಷ್ಟು ಹತ್ರ ಕೂತಿದ್ರಿ. ಕೈ ನೆಟ್ಟಗೆ ನಿಂತಿರ್ಲಿಲ್ಲ."

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

"ಆ ದಿನ ನಾನೊಂದು ಮಾತು ಹೇಳಿದ್ದೆ."

"ನನಗಾ? ಏನು?"

ಅವಳು ಹೇಳಿದಳು. ಈ ಸಲ ಮುಖ ನೋಡಿಕೊಂಡು, ಅದೇ ಮಾತುಗಳಲ್ಲಿ. ಎರಡನೆಯ ಸಲ ಹೇಳುವುದು ಸುಲಭವೇನೂ ಆಗಿರಲಿಲ್ಲ.

ಅವನು ಚಿಮಟ ಕೆಳಗಿಟ್ಟ. "ಅದಕ್ಕೆ ನಾನೇನಂದೆ?"

"ಟಾರ್ಚ್ ಸ್ವಲ್ಪ ಕೆಳಗೆ ಹಿಡೀರಿ ಅಂದ್ರಿ."

ಅವನು ಕಣ್ಣು ಮುಚ್ಚಿಕೊಂಡ. ಅವಳಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

"ಈಗ ಏನಂತೀರಿ?"

"ಬನ್ನಿ ಅಂತೀನಿ" ಎಂದ ಅವನು. "ದಿನಾ ಬನ್ನಿ. ನೀವು ಬಾರದ ದಿನ ಈ ಅಂಗಡಿ ಬರೀ ತಗಡು."

ಮರುದಿನ ನಿರ್ದೇಶಕಿ ಬಂದಾಗ ಅವನೂ ಅವಳ ಕೋಣೆಯಲ್ಲಿದ್ದ. ಅವನು ಎದ್ದು ನಿಂತು ಹೇಳಿದ. "ತಪ್ಪು ನನ್ನದು. ನನಗೆ ಎಡಗಿವಿ ಕೇಳಲ್ಲ. ಅದಕ್ಕೇ ಪರೀಕ್ಷೆಯಲ್ಲಿ ಗೊತ್ತಾಗ್ಲಿಲ್ಲ." ಅಪರಿಚಿತರಿಗೆ ಅವನು ಅದನ್ನು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಏನೂ ಆಗಲಿಲ್ಲ. ನಿರ್ದೇಶಕಿ ತಲೆಯಾಡಿಸಿ ಹೆಡ್‌ಫೋನ್ ಹಾಕಿಕೊಂಡರು.

ಚಿತ್ರದಲ್ಲಿ ಮಗಳು ಕೇಳಿದಳು, ಅಮ್ಮ, ನಿನ್ನ ಮೊದಲ ದಿನದ ಕೆಲಸ ನೆನಪಿದೆಯಾ ಎಂದು. ತಾಯಿ ಹೇಳಿದರು. "ನೀನು ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ? ಮೊದಲು ಅದು ಹೇಳು. ಪ್ರಶ್ನೆ ಎಲ್ಲಿಗೂ ಓಡಿಹೋಗಲ್ಲ."

ನಿರ್ದೇಶಕಿ ಪರದೆಗೆ ಉತ್ತರ ಕೊಟ್ಟರು. "ತಿಂದೆ ಅಮ್ಮ." ಆಮೇಲೆ ಎಡಗಡೆಯ ಬಟ್ಟಲನ್ನು ಅಂಗೈಯಿಂದ ಕಿವಿಗೆ ಒತ್ತಿ ಹಿಡಿದುಕೊಂಡು ಕೊನೆಯವರೆಗೂ ಕೂತರು.

ಅವರನ್ನು ಕಳಿಸಿ ಇಬ್ಬರೂ ಬೀದಿಗೆ ಬಂದರು. ಅಂಗಡಿಗಳು ದೀಪ ಹಚ್ಚುತ್ತಿದ್ದವು. ಅಕ್ಕ ಅವನನ್ನು ನೋಡಬೇಕೆಂದು ಹಟ ಹಿಡಿದಿದ್ದಾಳೆ ಎಂದು ಅವಳು ಹೇಳಿದಳು.

"ನೋಡಿ ಏನು ಕೇಳ್ತಾರೆ?"

"ನನ್ನ ತಂಗಿ ಬಾಯಿಬಡುಕಿ, ನಿಭಾಯಿಸ್ತೀಯಾ ಅಂತ ಕೇಳ್ತಾಳೆ."

"ಅರ್ಧ ನಿಭಾಯಿಸ್ತೀನಿ ಅಂತೀನಿ. ಇನ್ನರ್ಧ ಕೇಳ್ಸಲ್ವಲ್ಲ."

ಅವಳು ನಿಂತಳು. "ಒಂದು ನಿಜ ಹೇಳಿ. ಮುಂದೆ ಜಗಳ ಆದಾಗ ಒಳ್ಳೆ ಕಿವಿನ ದಿಂಬಿಗೆ ಒತ್ಕೊಂಡು ಮಲಗಿಬಿಡ್ತೀರಾ?"

"ಈಗ್ಲೂ ಹಾಗೇ ಮಲಗೋದು. ಜಗತ್ತೇ ಇರಲ್ಲ. ಒಳ್ಳೆ ನಿದ್ದೆ."

"ಹಾಗಾದ್ರೆ ನಾನು ಎಬ್ಬಿಸಿ ಕೂರಿಸಿ ಜಗಳ ಆಡ್ತೀನಿ."

"ಆಡಿ."

"ಸಿಟ್ಟು ಬರಲ್ವಾ?"

ಅವನು ಅವಳ ಕೈ ಹಿಡಿದುಕೊಂಡ.

"ಎಬ್ಬಿಸೋಕೆ ನೀವು ಪಕ್ಕದಲ್ಲೇ ಇರ್ತೀರಲ್ಲ" ಎಂದ.