ನೋಡದ ನೀರು

ಕಡಲಿಗೂ ಕಿವಿಯಿದ್ದ ಕಾಲದಲ್ಲಿ, ಶಂಖಾವತಿ ಎಂಬ ರಾಜ್ಯದಲ್ಲಿ ಹೊನ್ನಿ ಎಂಬ ಬೆಸ್ತರ ಹೆಂಗಸಿದ್ದಳು. ಕಡಲ ಮೀನೆಲ್ಲ ತನ್ನದೆಂದ ಧೂಮಕನೆಂಬ ಮಾಯಾವಿಗೆ ಅವಳ ಇಬ್ಬರು ಮಕ್ಕಳು ಎದುರಾಡಿದರು. ಅವನು ದೊಡ್ಡವನನ್ನು ಬಿಳಿ ನೊಸಲಿನ ತಿಮಿಂಗಿಲ ಮಾಡಿದ, ಚಿಕ್ಕವನನ್ನು ಕೆಂಪು ಚಿಪ್ಪಿನ ಆಮೆ ಮಾಡಿದ.

"ವರ್ಷಕ್ಕೊಮ್ಮೆ, ಇದೇ ದಿನ, ಇಬ್ಬರೂ ಒಂದೆಡೆ ಸೇರುತ್ತಾರೆ. ಆಗ ಮಾತ್ರ, ಹೆಸರು ಹಿಡಿದು ಕರೆದರೆ ಮನುಷ್ಯರಾಗಿ ಬರುತ್ತಾರೆ. ಮೂರು ವರ್ಷ ತಪ್ಪಿದರೆ ಹೆತ್ತವಳನ್ನೇ ಮರೆಯುತ್ತಾರೆ," ಎಂದು ನಕ್ಕ. ಕಡಲೇನು ಅಂಗೈ ಅಗಲವೇ? ಹೊನ್ನಿಯ ಎದೆ ಒಡೆಯಿತು.

ಅವಳು ಮರಳ ಮೇಲೆ ಕಡಲನ್ನು ಬರೆದಳು. ದೋಣಿಯವರನ್ನು ಕೇಳಿ, ತಿಮಿಂಗಿಲ ಕಂಡಲ್ಲಿ ಒಂದು ಕವಡೆ, ಆಮೆ ಕಂಡಲ್ಲಿ ಒಂದು ಗುಲಗಂಜಿ ಇಟ್ಟಳು. ಎರಡೂ ಹೆಚ್ಚು ಬಿದ್ದದ್ದು ಹೊಳೆ ಕಡಲು ಸೇರುವ ಅಳಿವೆ ಬಾಯಲ್ಲಿ. ಮೊದಲ ವರ್ಷ ಅಲ್ಲಿಗೆ ಹೋಗಿ ಗಂಟಲು ಹರಿಯುವಂತೆ ಕರೆದಳು. ಯಾರೂ ಬರಲಿಲ್ಲ. ಅಯ್ಯೋ ಮರುಳೇ, ಊರಿನ ದೋಣಿಯೆಲ್ಲ ಅಲ್ಲೇ ಓಡಾಡಿದರೆ ಕಂಡದ್ದೂ ಅಲ್ಲೇ ಹೆಚ್ಚಲ್ಲವೇ!

ಎರಡನೆಯ ವರ್ಷ, ಹೋಗಿಯೂ ಕಾಣದೆ ಬಂದವರನ್ನೂ ಕೇಳಿದಳು. ಹೋದವರು ಕಡಿಮೆಯಾದರೂ ಅವರಲ್ಲಿ ಕಂಡವರೇ ಹೆಚ್ಚಿದ್ದ ಹಾಸುಬಂಡೆಗೆ ಹೋದಳು. ಆಮೆ ಬಂತು, ತಿಮಿಂಗಿಲ ಬರಲಿಲ್ಲ. ಆಮೆ ಅವಳನ್ನೇ ನೋಡುತ್ತಾ ಮುಳುಗಿತು.

ಮೂರನೆಯ ವರ್ಷ ಮರಳ ಮೇಲೆ ಒಂದು ಖಾಲಿ ಜಾಗ ಅವಳ ಕಣ್ಣಿಗೆ ಬಿತ್ತು. ಕವಡೆ, ಗುಲಗಂಜಿ ಎರಡೂ ಅದರ ಅಂಚಿನವರೆಗೆ ದಟ್ಟವಾಗುತ್ತಾ ಬಂದು ನಿಂತಿದ್ದವು. ಊರ ದೋಣಿಗಳನ್ನು ನಡೆಸುವ ಹಿರಿಯ ದೇವು ತಾಂಡೇಲನನ್ನು ಕರೆದಳು.

"ಇಲ್ಲೇನೂ ಕಾಣ್ಲಿಲ್ವಾ, ಅಜ್ಜ?"

"ಕಾಣ್ಲಿಲ್ಲ ಮಗಾ."

"ನೋಡಿದ್ರಾ?"

ಮುದುಕ ತಲೆ ತಗ್ಗಿಸಿದ. "ನನ್ ಮಗ ಮುಳುಗಿದ್ದು ಅಲ್ಲೇ. ಆಮೇಲೆ ಯಾವ ದೋಣೀನೂ ಅತ್ಲಾಗೆ ಬಿಡ್ಲಿಲ್ಲ."

"ಹಂಗಾದ್ರೆ ನೋಡ್ಲಿಲ್ಲ ಅನ್ಬೇಕಿತ್ತು, ಅಜ್ಜ! ಕಾಣ್ಲಿಲ್ಲ ಅಂದ್ರಲ್ಲ!" ಎಂದು ಹೊನ್ನಿ ಅತ್ತಳು. ತಾಂಡೇಲ ಅವಳನ್ನು ದೋಣಿಗೆ ಹತ್ತಿಸಿ ಹುಟ್ಟು ಎತ್ತಿಕೊಂಡ.

ಆ ನೀರು ಕಪ್ಪಗಿತ್ತು. ನಡುವಿನ ಬಂಡೆಯ ಮೇಲೆ ಧೂಮಕ ಕುಳಿತಿದ್ದ. ಅವನು ಅಲೆ ಎಬ್ಬಿಸುವಷ್ಟರಲ್ಲಿ ಬಿಳಿ ನೊಸಲೂ ಕೆಂಪು ಚಿಪ್ಪೂ ಒಟ್ಟಿಗೆ ಮೇಲೆದ್ದವು.

"ಬೀರಾ! ಸುಕ್ರಾ!" ಎಂದು ಹೊನ್ನಿ ಕೂಗಿದಳು.

ಇಬ್ಬರೂ ಮನುಷ್ಯರಾಗಿ ದೋಣಿಯ ಅಂಚು ಹಿಡಿದರು. ಅವರ ಮಾಟ ಮುರಿದದ್ದೇ ಮಾಯಾವಿ ಉಪ್ಪಿನ ಹರಳಂತೆ ನೀರಲ್ಲಿ ಕರಗಿಹೋದ.

ಆಗ ಬಂಡೆಯ ಹಿಂದಿನಿಂದ ಇನ್ನೊಂದು ಆಮೆ ತಲೆ ಎತ್ತಿತು. ಅದರ ಕಣ್ಣಲ್ಲಿ ತಾಂಡೇಲ ತನ್ನ ಮಗನನ್ನು ಗುರುತಿಸಿದ. "ನಾಗಾ!" ಎಂದ. ಮಗ ಮುಳುಗಿರಲಿಲ್ಲ, ಮಾಯೆಗೆ ಸಿಕ್ಕಿದ್ದ. ಆದರೆ ಮೂರು ವರ್ಷಗಳು ಎಂದೋ ಮೀರಿದ್ದವು. ಮರೆತವರಿಗೆ ಮರಳುವ ದಾರಿಯಿರಲಿಲ್ಲ. ಆಮೆ ಪರಕೀಯನನ್ನು ನೋಡುವಂತೆ ನೋಡಿತು.

ಹೊನ್ನಿ ಮಕ್ಕಳೊಂದಿಗೆ ಉಂಡುಟ್ಟು ಸುಖವಾಗಿ ಬಾಳಿದಳು, ಊರಿಗೂ ಮೀನು ಸಿಕ್ಕಿತು. ತಾಂಡೇಲ ಮಾತ್ರ ದಿನವೂ ಆ ನೀರಿಗೆ ಹೋಗಿ, ಕೂಸಿಗೆ ಹೇಳಿಕೊಡುವ ಹಾಗೆ, ಆಮೆಗೆ ಅದರ ಹೆಸರು ಹೇಳಿಕೊಡುತ್ತಿದ್ದ.