ಚೊಂಬು ಕಸಿದುಕೊಂಡ ಹುಡುಗಿ

"ಅಯ್ಯೋ, ಕುಡೀಬ್ಯಾಡಿ!"

ಯುವರಾಜನ ಬಾಯಿಗೆ ಹೋಗುತ್ತಿದ್ದ ಚೊಂಬನ್ನು ರಾಧಾಮಣಿ ಕಸಿದುಕೊಂಡೇಬಿಟ್ಟಳು. ನೀರೆಲ್ಲ ಅವನ ಹೊಸ ಅಂಗಿಯ ಮೇಲೆ!

ಹೆಣ್ಣು ನೋಡಲು ಬಂದವನಿಗೆ ಯಾರಾದರೂ ಹೀಗೆ ಮಾಡುತ್ತಾರಾ? ಹುಡುಗಿ ಕೊಟ್ಟ ನೀರು ಕುಡಿದರೆ ಮಾತು ಮುಂದುವರಿದಂತೆ. ಅದೂ ಅವನ ತಾತ, ಚೊಂಬು ಮುಟ್ಟಗೊಡದ ಮೇಲ್ಜಾತಿಯವರ ಮನೆ ಮುಂದೆ ನೀರಿಗೆ ಬೊಗಸೆಯೊಡ್ಡಿ ನಿಂತವನು. ಈಗ ನಮ್ಮವರ ಮನೆಯಲ್ಲೂ ಹೀಗಾ? ಯುವರಾಜ ಎದ್ದು ಹೊರಟ.

ಪಾವಗಡದ ಬಸ್ಸಿನಲ್ಲಿ ದಿನಾ ಅವನನ್ನೇ ಕದ್ದು ನೋಡುತ್ತಿದ್ದ ರಾಧಾಮಣಿ ಅಡುಗೆಮನೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಸಂಜೆ, ಅವಳು ಪಾಠ ಹೇಳುವ ರಾಯಚರ್ಲಿನ ಶಾಲೆಯೆದುರು ಅವನು ನಿಂತಿದ್ದ. ಹಿಂದೆ ಅವನು ಕೆಲಸ ಮಾಡುವ ಸೋಲಾರ್ ಪಾರ್ಕ್... ಆಕಾಶವೇ ಇಳಿದು ನೆಲದ ಮೇಲೆ ಮಲಗಿದಂತಿತ್ತು.

"ಇಷ್ಟ ಇಲ್ಲ ಅಂತ ಬಾಯಲ್ಲಿ ಹೇಳ್ಬೋದಿತ್ತಲ್ಲ ಮೇಡಮ್ಮೋರೆ?"

"ಅದು ಅಮ್ಮನ ಚೊಂಬು... ಅತ್ತೆ ತಿಳೀದೆ ಅದನ್ನೇ ತುಂಬಿ ನನ್ನ ಕೈಗೆ ಕೊಟ್ಬುಟ್ಲು. ನಿಮಗೆ ಕೊಟ್ಮೇಲೇ ನಾನು ಅದನ್ನ ನೋಡಿದ್ದು. ಅಮ್ಮ ಹೋಗಿದ್ದು ಪ್ರಿಯಾನ್ ಕಾಯಿಲೇಲಿ. ಮೆದುಳಲ್ಲಿ ಒಂದು ಪ್ರೋಟೀನ್ ತಪ್ಪಾಗಿ ಮಡಚ್ಕಂಡು, ಪಕ್ಕದ್ದನ್ನೂ ಅಂಗೇ ಕೆಡಿಸ್ತದಂತೆ. ಕೊನೇಗೆ ನನ್ನ ಹೆಸ್ರೂ ಮರ್ತ್ಬುಟ್ಟಿದ್ಲು. ಸಾಮಾನು ಕುದಿಸಿದ್ರೂ ಅದು ಹೋಗಲ್ಲ ಅಂತ ಡಾಕ್ಟ್ರು ನರ್ಸಿಗೆ ಹೇಳಿದ್ದು ಕೇಳಿಸ್ಕಂಡಿದ್ದೆ. ನಿಮಗೇನಾದ್ರೂ ಆಗಿದ್ರೆ...?"

ಯುವರಾಜನ ಸಿಟ್ಟು ಎಲ್ಲಿ ಹೋಯಿತೋ!

"ಅಂದ್ರೆ... ಇಷ್ಟ ಇತ್ತಾ?"

"ಅದನ್ನೂ ಕೇಳ್ಬೇಕಾ?"

ಅವನು ಹತ್ತಿರ ಬಂದ. ಅವಳು ಹಿಂದೆ ಸರಿದಳು. "ಮುಟ್ಬ್ಯಾಡಿ. ನನಗೂ ಅಂಟಿರ್ಬೋದು. ನನ್ನ ಮರ್ತ್ಬುಡಿ."

ಮರೆಯುವ ಆಸಾಮಿಯಾ ಅವನು? ರಜೆ ಹಾಕಿ, ಅವಳ ಅಮ್ಮನನ್ನು ನೋಡಿದ್ದ ಡಾಕ್ಟರನ್ನೇ ಹುಡುಕಿಕೊಂಡು ಹೋದ. ಭಾನುವಾರ ಸಂಜೆ ಅವಳ ಮನೆಯಂಗಳಕ್ಕೆ ಬಂದು ನಿಂತ.

"ಡಾಕ್ಟ್ರು ಹೇಳಿದ್ದು ಮೆದುಳಿನ ಆಪರೇಷನ್ ಸಾಮಾನಿಗಂತೆ. ಮುಟ್ಟಿದ್ರೆ, ಒಂದೇ ತಟ್ಟೇಲಿ ಉಂಡ್ರೆ ಬರಲ್ವಂತೆ ಕಣಮ್ಮ!"

ರಾಧಾಮಣಿಗೆ ಅಳು ಉಕ್ಕಿ ಬಂತು. ಅಮ್ಮ ಹೋದಂದಿನಿಂದ ಅವಳು ಅಪ್ಪನ ಪಕ್ಕದಲ್ಲೂ ಕೂತು ಉಂಡಿರಲಿಲ್ಲ.

"ವಂಶದಿಂದ...?"

"ಅಪರೂಪಕ್ಕೆ ಬರ್ತದಂತೆ. ನಿಮ್ಮಮ್ಮಂದು ಅಂಥದ್ದಾ ಅಂತ ಟೆಸ್ಟ್ ಮಾಡಿಲ್ವಂತೆ."

"ನಾಳೆ ನನಗೂ ಬಂದ್ರೆ?"

"ಬಂದ್ರೆ ನೋಡ್ಕಂತೀನಿ. ಬರ್ದಿದ್ರೂ ನೋಡ್ಕಂತೀನಿ."

ಅವಳೇ ಕೈ ಚಾಚಿ ಅವನ ಕೈ ಹಿಡಿದಳು. ಎಷ್ಟು ಬೆಚ್ಚಗಿದೆ... ಮನುಷ್ಯರ ಕೈ ಇಷ್ಟು ಬೆಚ್ಚಗಿರುತ್ತೆ ಅನ್ನೋದನ್ನೇ ಮರೆತಿದ್ದೆನಲ್ಲ!

ಒಳಗೆ ಅಪ್ಪ ಕೆಮ್ಮಿದರು.

"ಕೈ ಬುಡ್ಲಾ?" ಯುವರಾಜ ಪಿಸುಗುಟ್ಟಿದ.

"ಬುಟ್ರೆ ನೋಡು!"