ಮೂಲೆಯ ತುಣುಕು

ಎರಡು ವರ್ಷದಿಂದ ಈ ಮನುಷ್ಯನ ಬಾಯಿಂದ ಒಂದು ಮಾತಿಗಾಗಿ ಕಾದಿದ್ದೆ. ಬಂದದ್ದು ಇದು: "ಸ್ಲೈಡ್ ಅದಲುಬದಲಾಗಿದೆ."

"ನನ್ನಿಂದಾನಾ ಸರ್?"

"ಇಲ್ಲಿ ಕಟ್ ಮಾಡೋರು ನೀವೊಬ್ರೇ ತಾನೆ?"

ಹನ್ನೊಂದು ವರ್ಷದಿಂದ ಈ ಲ್ಯಾಬಿನ ಟೆಕ್ನಿಶಿಯನ್ ನಾನು. ಮೇಣದಲ್ಲಿ ಹುದುಗಿಸಿದ ಗಡ್ಡೆಯ ಚೂರುಗಳನ್ನು ಕೂದಲಿಗಿಂತ ತೆಳುವಾಗಿ ಕತ್ತರಿಸಿ ಬಣ್ಣ ಹಾಕುವುದು ನನ್ನ ಕೆಲಸ. ಅದನ್ನು ನೋಡಿ ರೋಗ ಹೇಳುವುದು ಈ ಡಾಕ್ಟರ ಕೆಲಸ. ಇವತ್ತಿನವರೆಗೆ ಒಂದು ಚೂರೂ ಹೆಚ್ಚುಕಮ್ಮಿಯಾಗಿಲ್ಲ. ತಪ್ಪುಗಳ ರಿಜಿಸ್ಟರಿನಲ್ಲಿ ನನ್ನ ಹೆಸರು ಬಂದರೆ ಅಷ್ಟೂ ವರ್ಷ ಮಣ್ಣುಪಾಲು. ಅವರು ಬರೆದೇಬಿಟ್ಟಿದ್ದರು.

ಆಗಿದ್ದಿಷ್ಟು. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಒಂದು ಪ್ರೋಟೀನನ್ನು ಹುಡುಕುವ ಬಣ್ಣ ಅದು, ಆ ಪ್ರೋಟೀನ್ ಇದ್ದಲ್ಲಿ ಚೂರು ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಸರಿಯಾಗಿ ಕೆಲಸ ಮಾಡಿತೇ ಎಂದು ತಿಳಿಯಲು ಅಂಥ ಸ್ಲೈಡಿನ ಮೂಲೆಯಲ್ಲಿ ನಾನು ಎರಡು ತುಣುಕು ಇಡುತ್ತೇನೆ. ಒಂದಕ್ಕೆ ಬಣ್ಣ ಬರಲೇಬೇಕು, ಇನ್ನೊಂದಕ್ಕೆ ಬರಲೇಬಾರದು. ಬರಬಾರದ್ದಕ್ಕೆ ಈ ಸಲ ಒಬ್ಬ ಹೆಂಗಸಿನ ಸ್ತನದ ಗಡ್ಡೆಯ ಚೂರು ಇಟ್ಟಿದ್ದೆ. ಅದೂ ಕಂದಾಗಿ ಕೂತಿತ್ತು. ಹೆಂಗಸಿನದರ ಬದಲು ಗಂಡಸಿನ ಚೂರು ಇಟ್ಟಿದ್ದೇನೆ ಎಂದುಕೊಂಡರು ಡಾಕ್ಟರು.

ನನಗೆ ಮೂಗಿನ ತುದಿಯಲ್ಲೇ ಕೋಪ. "ಬನ್ನಿ ಸರ್, ನಿಮ್ಮ ಕಣ್ಣೆದುರಿಗೇ ಕತ್ತರಿಸ್ತೀನಿ."

ಅವರು ನನ್ನ ಪುಟ್ಟ ಸ್ಟೂಲಿನ ಮೇಲೆ ಮಂಡಿ ಮಡಚಿಕೊಂಡು ಕೂತರು. ನಾನು ಕತ್ತರಿಸಿ ಬಿಸಿನೀರಿನ ಮೇಲೆ ತೇಲಿಬಿಟ್ಟ ಮೇಣದ ಪಟ್ಟಿ ಅಲುಗಬಾರದೆಂದು ಉಸಿರು ಹಿಡಿದರು. ಅದನ್ನು ನೋಡಿ ನನ್ನ ಅರ್ಧ ಕೋಪ ಇಳಿದುಹೋಯಿತು, ಹಾಳಾದ್ದು.

"ಏನು ನೋಡ್ತಿದೀರಿ?" ಎಂದರು.

"ಟೈಮರ್."

"ಅದು ನಿಮ್ಮ ಬೆನ್ನ ಹಿಂದಿದೆ."

ಬಣ್ಣ ಮತ್ತೆ ಕಂದೇ ಬಂತು. ಅವರು ಸ್ಲೈಡ್ ಎತ್ತಿಕೊಂಡು ಎದ್ದುಹೋದರು.

ಮನೆಗೆ ಹೋಗಿ ಅತ್ತುಬಿಟ್ಟೆ. ಬೇರೆ ಯಾರಾದರೂ ಬರೆದಿದ್ದರೆ ಜಗಳವಾಡಿ ಮರೆಯುತ್ತಿದ್ದೆ. ಬರೆದದ್ದು ಇವರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಆ ಡಾಕ್ಟರಿಗೆ ಯಾರೂ ಹೇಳಿಕೊಟ್ಟಿಲ್ವೇನೆ?" ಎಂದರು ಅಮ್ಮ.

ಮೂರನೇ ದಿನ ಅವರೇ ರಿಜಿಸ್ಟರ್ ಹಿಡಿದು ಬಂದರು. ಹಳೆಯ ಸಾಲಿನ ಕೆಳಗೆ ಬರೆದಿತ್ತು: 'ಸ್ಲೈಡ್ ಸರಿಯಿದೆ. ತಪ್ಪು ನನ್ನದು.' ಕೆಳಗೆ ಸಹಿ.

"ಕೆಲವು ಹೆಂಗಸರ ಸ್ತನದ ಗಡ್ಡೇಲೂ ಈ ಪ್ರೋಟೀನ್ ಇರುತ್ತಂತೆ. ಎಷ್ಟೋ ವರ್ಷದ ಹಿಂದೇನೇ ಬರೆದಿಟ್ಟಿದಾರೆ, ನಾನು ಓದಿರ್ಲಿಲ್ಲ. ಗಂಡಸರದ್ದು ಅಂತ ಹೆಸರಿದೆಯಲ್ಲ, ಹೆಂಗಸರಲ್ಲಿ ಇರೋದೇ ಇಲ್ಲ ಅಂದ್ಕೊಂಡಿದ್ದೆ."

"ಸರಿ ಬಿಡಿ ಸರ್."

ಅವರು ಹೋಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

"ಇನ್ನೊಂದಿದೆ. ನಿಮ್ಮ ಮನಸ್ಸಲ್ಲಿ ನಾನಿಲ್ಲ ಅಂತಾನೂ ಅಂದ್ಕೊಂಡಿದ್ದೆ. ಅದನ್ನೂ ಪರೀಕ್ಷೆ ಮಾಡಿ ನೋಡಿರ್ಲಿಲ್ಲ."

"ಈಗ ಮಾಡ್ತಿದೀರಾ?"

"ಹೂಂ. ಭಯ ಆಗ್ತಿದೆ."

ನಾನು ಪೆನ್ ಇಸಿದುಕೊಂಡು ಅವರ ಸಹಿಯ ಕೆಳಗೆ ಬರೆದೆ: 'ಇದ್ದೀರಿ. ಎರಡು ವರ್ಷದಿಂದ.'

ಅದನ್ನು ಓದಿ ಅವರು ಆ ಪುಟ್ಟ ಸ್ಟೂಲಿನ ಮೇಲೆ ಕೂತುಬಿಟ್ಟರು.